ಮೀನಿನ ಟೆಂಪೋದ ತುಕ್ಕು



ಮೇ ತಿಂಗಳು ಮುಗಿಯುತ್ತ ಬಂತು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ಮೈ ತಾಗಿಸಿ ನಿಲ್ಲುತ್ತವೆ, ಬಲೆಗಳು ಶೆಡ್ಡು ಸೇರುತ್ತವೆ. ಅವುಗಳ ಜೊತೆಗೆ ಕೆಲಸವಿಲ್ಲದೆ ನಿಲ್ಲುವುದು ಇನ್ನೊಂದು ಉಂಟು, ಮೀನಿನ ಟೆಂಪೋ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಐಸು ಮುಚ್ಚಿದ ಬಂಗುಡೆ, ಬೂತಾಯಿ ಹೊತ್ತು ಹತ್ತು ತಿಂಗಳು ಘಾಟಿ ಹತ್ತಿಳಿದ ಗಾಡಿ. ಬೋಟಿನ ರಿಪೇರಿಗೆ ಆಚಾರಿಗಳನ್ನೂ ಫೈಬರ್ ಕೆಲಸದವರನ್ನೂ ಮೊದಲೇ ಹೇಳಿ ಇಟ್ಟಿರುತ್ತಾರೆ. ಟೆಂಪೋಗೆ ಸಿಗುವುದು ಅಂಗಳದ ಒಂದು ಮೂಲೆ, ಮೇಲೊಂದು ನೀಲಿ ಟಾರ್ಪಾಲು. ಹತ್ತು ತಿಂಗಳ ಉಪ್ಪನ್ನು ಮೈಯಲ್ಲಿಟ್ಟುಕೊಂಡೇ ಅದು ಮಳೆಗಾಲ ಕಳೆಯುತ್ತದೆ.

ಹೀಗೆ ದುಡಿದು ಹಳತಾದ ಗಾಡಿಯ ತುಕ್ಕನ್ನು ಮನೆಯಂಗಳದಲ್ಲೇ ಎಷ್ಟರಮಟ್ಟಿಗೆ ಸರಿಮಾಡಬಹುದು ಎಂಬುದು ಇವತ್ತಿನ ಮಾತು. ನಾನು ಐಟಿಐಯಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸಿದವನು. ಹಾಗಾಗಿ ಮಾತು ತಗಡಿನ ಕಡೆಗೇ ವಾಲೀತು, ಬಣ್ಣದ ವಿಚಾರ ಕೊನೆಗೆ ಬರುತ್ತದೆ. ನಮ್ಮವರು ಸಾಮಾನ್ಯವಾಗಿ ಬಣ್ಣದಿಂದಲೇ ಶುರುಮಾಡುತ್ತಾರೆ. ಮರುವರ್ಷ ಅದೇ ಜಾಗದಲ್ಲಿ ಅದೇ ತೂತು ಕಾಣಿಸಿಕೊಂಡಾಗ ಬಣ್ಣದ ಕಂಪೆನಿಯನ್ನು ಬೈಯುತ್ತಾರೆ.

ನಮ್ಮ ಕಡೆ ಟೆಂಪೋ ಎಂದರೆ ಬಹಳ ಕಾಲ ಟಾಟಾ 407. ಅದು ರಸ್ತೆಗೆ ಬಂದದ್ದು 1986ರಲ್ಲಿ. ಆಗ ಜಪಾನಿನವರ ಜೊತೆಗಾರಿಕೆಯಲ್ಲಿ ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್ ಎಂಬ ಸಣ್ಣ ಲಾರಿಗಳು ಮಾರುಕಟ್ಟೆಗೆ ಬಂದಿದ್ದವು. ಅವುಗಳಲ್ಲಿ ಕೆಲವು ಹೆಸರು ಈಗ ಹುಡುಗರಿಗೆ ಗೊತ್ತೂ ಇಲ್ಲ, ಆದರೆ 407 ಉಳಿಯಿತು. ಇದರ ಇಂಜಿನ್ ಬಿಚ್ಚಿ ಜೋಡಿಸಬಲ್ಲವರು ಪ್ರತಿ ಪೇಟೆಯಲ್ಲೂ ಇದ್ದಾರೆ, ಬಿಡಿಭಾಗ ಎಲ್ಲಿಯೂ ಸಿಗುತ್ತದೆ. ಘಟ್ಟದ ಮೇಲಿನ ಒಣ ಊರುಗಳಲ್ಲಿ ಇಂಜಿನ್ ಸವೆದು ಗಾಡಿ ಮೂಲೆ ಸೇರುವುದುಂಟು. ಕರಾವಳಿಯಲ್ಲಿ ಬಹಳ ಸಲ ಇಂಜಿನ್ ಗಟ್ಟಿಮುಟ್ಟಾಗಿ ಇರುತ್ತದೆ, ಅದನ್ನು ಹೊತ್ತ ತಗಡು ಹೋಗಿರುತ್ತದೆ. ನನ್ನ ಹೆಂಡತಿಯ ಅಣ್ಣನದೂ ಇಂಥದೇ ಒಂದು ಗಾಡಿ. ಇವತ್ತು ಹೇಳುವುದರಲ್ಲಿ ಹೆಚ್ಚಿನದೆಲ್ಲ ಅದರ ಕೆಳಗೆ ಅಂಗಾತ ಮಲಗಿ ಕಂಡದ್ದು.

ಬಿಸಿಲಿಗೆ ಒಣಗಿ ನಿಂತ ಗಾಡಿಗೆ ತುಕ್ಕು ಹೇಗೆ ಹಿಡಿಯುತ್ತದೆ ಎಂದು ಕೇಳುವವರಿದ್ದಾರೆ. ಕಡಲಿನ ಉಪ್ಪು ಬರೀ ಸೋಡಿಯಂ ಕ್ಲೋರೈಡ್ ಅಲ್ಲ, ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಸೇರಿದೆ. ಇದು ಗಾಳಿಯ ತೇವವನ್ನು ಹೀರಿ ತಾನೇ ನೀರಾಗುವಂಥದ್ದು. ಮಳೆಗಾಲದ ಆಟಿ ತಿಂಗಳಲ್ಲಿ ಭರಣಿಯೊಳಗಿನ ಹರಳುಪ್ಪು ಪಸೆಯೊಡೆಯುವುದಕ್ಕೆ ಇದೂ ಕಾರಣ. ಟೆಂಪೋದ ಸಂದಿಯಲ್ಲಿ ಕೂತ ಉಪ್ಪೂ ಹಾಗೆಯೇ. ಮಳೆ ಬೀಳದಿದ್ದರೂ ಅದು ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗದು, ಸಿಹಿನೀರಿನಲ್ಲಿ ತೊಳೆದೇ ತೆಗೆಯಬೇಕು. ಅದೂ ಗಾಜು, ಬಾನೆಟ್ಟು ತೊಳೆದರೆ ಸಾಲದು, ಪೈಪು ಹಿಡಿದು ಅಡಿಯಿಂದ ಮೇಲಕ್ಕೆ ಹೊಡೆಯಬೇಕು. ಕೊನೆಯ ಲೋಡು ಇಳಿಸಿದ ದಿನವೇ ಈ ಕೆಲಸ ಆಗಲಿ. ಟಾರ್ಪಾಲನ್ನು ಗಾಡಿಗೆ ಸುತ್ತಿ ಬಿಗಿಯುವುದು ಬೇಡ, ನಾಲ್ಕು ಗಳು ನೆಟ್ಟು ಚಪ್ಪರದ ಹಾಗೆ ಎತ್ತರಕ್ಕೆ ಕಟ್ಟಿ, ಕೆಳಗೆ ಗಾಳಿಯಾಡಬೇಕು.

ತುಕ್ಕು ಎಲ್ಲಿ ಕಾಣುತ್ತದೋ ಅಲ್ಲೇ ಲೋಹ ಹೋಗಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಒಂದೇ ಒಂದು ಹನಿ ಉಪ್ಪುನೀರಿನಿಂದ ಇದನ್ನು ತೋರಿಸಿಕೊಟ್ಟರು. ನೀವೂ ಮಾಡಿ ನೋಡಬಹುದು. ಒಂದು ಕಬ್ಬಿಣದ ತಗಡನ್ನು ಎಮರಿ ಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಮೇಲೊಂದು ಹನಿ ಉಪ್ಪುನೀರು ಬಿಟ್ಟು, ಅಲುಗಾಡಿಸದೆ ಬಿಡಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಲಪುತ್ತದೆ, ನಡುವಿಗೆ ತಲಪುವುದಿಲ್ಲ. ಆಮ್ಲಜನಕ ಕಡಿಮೆಯಿರುವ ಆ ನಡುಭಾಗದಲ್ಲೇ ಕಬ್ಬಿಣ ಕರಗುತ್ತದೆ. ಕರಗಿದ ಕಬ್ಬಿಣ ಅಂಚಿನ ಕಡೆ ಸರಿದು, ಎರಡರ ಮಧ್ಯೆ ಕಂದು ಬಣ್ಣದ ಉಂಗುರವಾಗಿ ಕೂರುತ್ತದೆ. ಉಂಗುರ ನೋಡಿ ಅಲ್ಲೇ ಪೆಟ್ಟಾಗಿದೆ ಎಂದುಕೊಂಡರೆ ತಪ್ಪಿತು. ಪೆಟ್ಟು ಬಿದ್ದಿರುವುದು ಅದರ ಒಳಗಡೆ, ಇನ್ನೂ ಬೆಳ್ಳಗೆ ಕಾಣುವ ಜಾಗದಲ್ಲಿ.

ಗಾಡಿಯಲ್ಲಿ ಇದರ ಅರ್ಥ ಏನೆಂದರೆ, ಗಾಳಿ ಸುಳಿಯದ ಕಡೆಯೇ ಹೆಚ್ಚು ಅಪಾಯ. ಕಾಲಡಿಯ ಮ್ಯಾಟಿನ ಕೆಳಗೆ, ಮಡ್‌ಗಾರ್ಡಿನ ಒಳಗೆ ಮೆತ್ತಿದ ಕೆಸರಿನ ಹಿಂದೆ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ. ಸಂದಿಯ ಬಾಯಲ್ಲಿ ಒಂದು ಕಂದು ಗೆರೆ ಕಂಡರೆ ಒಳಗಿನ ಕೆಲಸ ಮುಗಿದಿದೆ ಎಂದೇ ತಿಳಿಯಿರಿ. ಕಬ್ಬಿಣಕ್ಕಿಂತ ತುಕ್ಕಿಗೆ ಹಲವು ಪಟ್ಟು ಜಾಗ ಬೇಕು, ಹಾಗಾಗಿ ಅದು ಒಳಗೇ ಉಬ್ಬಿ ತಗಡುಗಳನ್ನು ಸೀಳಿ ಅಗಲಿಸುತ್ತದೆ. ಸ್ಪಾಟ್ ವೆಲ್ಡ್ ಎರಡೂ ಕಡೆ ಗಟ್ಟಿಯಾಗಿ ಹಿಡಿದು ನಡುವೆ ತಗಡು ಹೊಟ್ಟೆ ಬಿಟ್ಟಿರುವುದನ್ನು ಹಳೆಯ ಕ್ಯಾಬಿನ್ನುಗಳಲ್ಲಿ ನೋಡಬಹುದು.

ಆದ್ದರಿಂದ ರಿಪೇರಿ ಅಂದರೆ ಮೊದಲು ನೀರಿನ ದಾರಿ ಹುಡುಕುವುದು. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ಹೊರಗೆ ಹೋಗುತ್ತಿಲ್ಲ. ಈ ಮೂರಕ್ಕೆ ಉತ್ತರ ಸಿಗುವ ಮೊದಲು ಗ್ರೈಂಡರ್ ಕೈಗೆತ್ತಿಕೊಳ್ಳಬಾರದು.

ಬಾಗಿಲನ್ನೇ ತೆಗೆದುಕೊಳ್ಳಿ. ಕಿಟಕಿ ಗಾಜು ಇಳಿಯುವ ಸಂದಿಯಿಂದ ಬಾಗಿಲಿನ ಒಳಗೆ ಮಳೆನೀರು ಹೋಗಿಯೇ ಹೋಗುತ್ತದೆ. ತಯಾರಕರಿಗೂ ಅದು ಗೊತ್ತು, ಅದಕ್ಕೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಧೂಳು, ಹಳೆಯ ರಬ್ಬರಿನ ಪುಡಿ ಸೇರಿ ಅವು ಮುಚ್ಚಿಹೋಗುತ್ತವೆ. ಇನ್ನೂ ತಮಾಷೆ ಎಂದರೆ ಹಿಂದಿನ ಸಲ ಟಿಂಕರಿಂಗ್ ಮಾಡಿದವನು ತುಕ್ಕಿನ ತೂತು ಎಂದುಕೊಂಡು ಅವಕ್ಕೂ ಪುಟ್ಟಿ ಮೆತ್ತಿ ನುಣ್ಣಗೆ ಬಣ್ಣ ಹೊಡೆದಿರುತ್ತಾನೆ. ಬಾಗಿಲು ತೆಗೆದು ಹಾಕುವಾಗ ಒಳಗೆ ಜುಳುಜುಳು ಸದ್ದು ಕೇಳಿದರೆ ಒಂದು ತಂತಿ ತುಂಡು ತೆಗೆದುಕೊಂಡು ಆ ತೂತು ಬಿಡಿಸಿ. ಅಷ್ಟೇ. ವೆಲ್ಡಿಂಗ್ ಬೇಡ, ಖರ್ಚಿಲ್ಲ. ಇಷ್ಟು ಲಾಭದ ಕೆಲಸ ಇಡೀ ಗಾಡಿಯಲ್ಲಿ ಇನ್ನೊಂದಿಲ್ಲ.

ಚಾಲಕನ ಕಾಲಡಿ ಇನ್ನೊಂದು ಜಾಗ. ದಕ್ಕೆಯ ಉಪ್ಪುನೀರಿನಲ್ಲಿ ಓಡಾಡಿದ ಚಪ್ಪಲಿಯಲ್ಲೇ ಗಾಡಿ ಹತ್ತುತ್ತಾನೆ. ಮೇಲೆ ರಬ್ಬರ್ ಮ್ಯಾಟು, ಕೆಳಗೆ ಒದ್ದೆ ಹೀರಿಕೊಂಡ ಹಾಸು. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಸೀಳಿದ್ದರೆ ಮಳೆನೀರೂ ಅಲ್ಲಿಗೇ ಇಳಿಯುತ್ತದೆ. ಮ್ಯಾಟು ಕಿತ್ತು ಹಾಕಿ, ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಹೋದ ತಗಡು ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಸ್ಕ್ರೂ ಡ್ರೈವರಿನ ತುದಿ ಒತ್ತಿ, ದಾಟಿಹೋದರೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಭಾವನ ಗಾಡಿಯ ನೆಲದಲ್ಲಿ ಮೇಲಿಂದ ಕಂಡದ್ದು ಹತ್ತು ರೂಪಾಯಿ ನಾಣ್ಯದಷ್ಟು ತೂತು. ಚಾಕ್‌ಪೀಸಿನ ಗೆರೆ ಕೂಡಿದಾಗ ಅದು ಊಟದ ಬಟ್ಟಲಿನಷ್ಟಾಯಿತು. "ಇಷ್ಟು ಕತ್ತರಿಸಿದರೆ ಉಳಿಯುವುದು ಏನು ಭಾವ?" ಎಂದು ಅವರು ಕೇಳಿದರು. ಉಳಿಯುವುದು ಗಟ್ಟಿ ತಗಡು. ಅದಕ್ಕೆ ಮಾತ್ರ ವೆಲ್ಡ್ ಹಿಡಿಯುತ್ತದೆ. ಕೊಳೆತ ಅಂಚಿಗೆ ಹಿಡಿದ ವೆಲ್ಡ್ ತಣಿಯುವ ಮೊದಲೇ ಇನ್ನೊಂದು ತೂತು ಮಾಡುತ್ತದೆ.

ಕತ್ತರಿಸುವ ಮೊದಲು ಮುಖ್ಯವಾದ ಎಚ್ಚರಿಕೆಗಳು ಇವೆ. ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಆಲ್ಟರ್ನೇಟರಿನದನ್ನೂ ಬಿಚ್ಚಿ, ಇಲ್ಲದಿದ್ದರೆ ವೆಲ್ಡಿಂಗಿನ ಕರೆಂಟು ಅದನ್ನು ಸುಟ್ಟೀತು. ಅರ್ತಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ ಕಚ್ಚಿಸಿ. ನೆಲದ ತಗಡಿನ ಆಚೆ ಬದಿಯಲ್ಲಿ ವಯರಿಂಗ್ ಇದೆಯೇ, ಡೀಸೆಲ್ ಪೈಪು ಹಾದಿದೆಯೇ ನೋಡಿ. ಒಬ್ಬರು ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಆಚೆ ಬದಿಯನ್ನೇ ನೋಡುತ್ತಿರಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಗಾಡಿಯ ಹತ್ತಿರವೇ ಇರಿ. ಹಾಸಿನೊಳಗೆ ಸೇರಿದ ಕಿಡಿ ನಾವು ಚಹಾ ಕುಡಿಯಲು ಹೋದಾಗಲೇ ಹೊತ್ತಿಕೊಳ್ಳುವುದು. ಹಳೆಯ ಬಣ್ಣ ಉಜ್ಜುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಬೇಕು. ಆ ಕಾಲದ ಬಣ್ಣಗಳಲ್ಲಿ ಸೀಸ ಇದ್ದದ್ದುಂಟು, ಹಳದಿ ಬಣ್ಣದ ಕ್ರೋಮೇಟ್ ಪ್ರೈಮರಿನ ಧೂಳು ಕ್ಯಾನ್ಸರಿಗೂ ದಾರಿ.

ತೇಪೆಗೆ ತಗಡು ಯಾವುದು? 18 ಗೇಜಿನ ಸಿ.ಆರ್. ಶೀಟು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ್ದು, ನೆಲಕ್ಕೆ ಸರಿಹೋಗುತ್ತದೆ. ಮನೆಯಲ್ಲಿ ಮಾಡಿನ ಕೆಲಸದಲ್ಲಿ ಉಳಿದ ಜಿ.ಐ. ಶೀಟು ಇದೆ, ಅದಕ್ಕೆ ತುಕ್ಕೇ ಹಿಡಿಯುವುದಿಲ್ಲ ಎಂದು ಕೆಲವರು ಅದನ್ನೇ ತರುತ್ತಾರೆ. ಅದರ ಮೇಲಿನ ಸತು ವೆಲ್ಡಿಂಗಿನ ಶಾಖಕ್ಕೆ ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವನಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ ನಿಜ, ಆದರೆ ಬೇಕಾಗಿ ತಂದುಕೊಳ್ಳುವ ಜ್ವರ ಯಾಕೆ?

ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಅಳತೆ ತೆಗೆದು, ಅದರಂತೆ ತಗಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೌಕ ಮೂಲೆಯ ತೇಪೆ ಘಾಟಿಯ ಕುಲುಕಾಟಕ್ಕೆ ಆ ಮೂಲೆಯಿಂದಲೇ ಬಿರಿಯುತ್ತದೆ. ತೇಪೆಯನ್ನು ಹಳೆಯ ತಗಡಿಗೆ ಅಂಚಿಗೆ ಅಂಚು ಸೇರಿಸಿ ಕೂರಿಸುವುದು ಉತ್ತಮ. ಕೈ ಪಳಗದವರು ಒಂದರ ಮೇಲೊಂದು ಬರುವಂತೆ ಹಾಕುತ್ತಾರೆ, ಅದೂ ಆದೀತು, ಆದರೆ ಮಾಡಿಗೆ ಹಂಚು ಹೊದಿಸುವ ಕ್ರಮ ನೆನಪಿರಲಿ. ಮೇಲಿನಿಂದ ಹರಿದ ನೀರು ಸಂದಿಯ ಬಾಯಿಗೆ ಬೀಳದೆ ದಾಟಿಹೋಗಬೇಕು. ವೆಲ್ಡ್ ಆದ ಮೇಲೆ ಆ ಸಂದಿಗೆ ಎರಡೂ ಕಡೆಯಿಂದ ಸೀಲಂಟ್ ತುಂಬಬೇಕು. ಇಲ್ಲವಾದರೆ ಒಂದು ತೂತು ಮುಚ್ಚಲು ಹೋಗಿ ಗಾಳಿ ಸುಳಿಯದ ಹೊಸ ಸಂದಿ ಕಟ್ಟಿಕೊಟ್ಟ ಹಾಗಾಯಿತು.

ಈಗ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರಗಳು ಎಷ್ಟೋ ಮನೆಗಳಲ್ಲಿವೆ. ಗೇಟು, ಗ್ರಿಲ್ಲಿನ ಅಭ್ಯಾಸದಲ್ಲಿ ದಪ್ಪ ರಾಡು ಹಾಕಿ ಉದ್ದಕ್ಕೆ ಎಳೆದರೆ ಗಾಡಿಯ ತಗಡು ಸುಟ್ಟು ಬಲೆಯಾಗುತ್ತದೆ. 2 ಮಿಲಿಮೀಟರ್ ರಾಡು, 40–50 ಆಂಪಿಯರ್ ಸಾಕು. ಹಿಂದುಗಡೆ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಹೆಚ್ಚಿನ ಶಾಖವನ್ನು ಅದು ಎಳೆದುಕೊಳ್ಳುತ್ತದೆ, ವೆಲ್ಡ್ ಅದಕ್ಕೆ ಅಂಟುವುದೂ ಇಲ್ಲ. ಇಲ್ಲೊಂದು ಚುಕ್ಕೆ ಇಟ್ಟರೆ ಮುಂದಿನದು ಎದುರು ಬದಿಯಲ್ಲಿ. ಕೈ ಮುಟ್ಟುವಷ್ಟು ತಣಿದ ಮೇಲೆ ನಡುವಿನದು. ಹೀಗೆ ಹಾರಿ ಹಾರಿ ಹೋದರೆ ತಗಡು ಸೊಟ್ಟಗಾಗದು. ಸಿಓಟು ವೆಲ್ಡಿಂಗ್ ಇದ್ದರೆ ಇನ್ನೂ ಸುಲಭ. ವೆಲ್ಡಿಂಗೇ ಬೇಡ ಎನ್ನುವವರು ಭಾರ ಹೊರದ ಜಾಗದಲ್ಲಿ ಸೀಲಂಟ್ ಬಳಿದು ರಿವೆಟ್ ಹೊಡೆಯಬಹುದು, ಅದರಲ್ಲೇನೂ ಅವಮಾನವಿಲ್ಲ. ಆದರೆ ಅಲ್ಯೂಮಿನಿಯಂ ಶೀಟನ್ನು ಉಕ್ಕಿನ ಮೇಲೆ ನೇರವಾಗಿ ಕೂರಿಸಬೇಡಿ. ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಎಷ್ಟೋ ಮೀನಿನ ಟೆಂಪೋಗಳ ಚೆಕ್ಕರ್ ಶೀಟು ಬೋಲ್ಟಿನ ಸುತ್ತ ಹೀಗೇ ಹೋಗಿರುತ್ತದೆ.

ತೂತು ಬೀಳದ, ತೆಳುವಾಗಿ ಅಂಟಿಕೊಂಡ ತುಕ್ಕಿಗೆ ಕತ್ತರಿ ಬೇಡ. ವೈರ್ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ, ಅಂಗಡಿಯಲ್ಲಿ ಸಿಗುವ ತುಕ್ಕು ಮಾರ್ಪಡಿಸುವ ದ್ರಾವಣ ಹಚ್ಚಬಹುದು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಫಾಸ್ಫರಿಕ್ ಆಮ್ಲ ಅಥವಾ ಟ್ಯಾನಿನ್. ಟ್ಯಾನಿನ್ ತಾಗಿದ ಕಡೆ ತುಕ್ಕು ಕಪ್ಪಗಾಗುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಅಳಲೆಯ ಟ್ಯಾನಿನ್, ಅನ್ನಭೇದಿಯ ಕಬ್ಬಿಣ. ಆದರೆ ಈ ದ್ರಾವಣಗಳ ಮೇಲೆ ಅತಿಯಾದ ನಂಬಿಕೆ ಬೇಡ. ಹಪ್ಪಳಿಕೆಯಾಗಿ ಏಳುವ ತುಕ್ಕಿನ ಮೇಲೆ ಎಷ್ಟು ಹಚ್ಚಿದರೂ ಅದು ಮೇಲಿನ ಪದರಕ್ಕೆ ಮಾತ್ರ.

ಇಷ್ಟು ಹೇಳುವಾಗ ಯಾರಾದರೊಬ್ಬರು ಕೊಡಚಾದ್ರಿಯ ಮಾತು ತೆಗೆಯುತ್ತಾರೆ. ಅಲ್ಲಿ ಮೂಲ ಮೂಕಾಂಬಿಕೆಯ ಗುಡಿಯೆದುರು ಕಬ್ಬಿಣದ ಕಂಬ ಅಷ್ಟು ಮಳೆಗೂ ನಿಂತಿದೆ, ದೆಹಲಿಯ ಕಂಬ ಸುಮಾರು 1600 ವರ್ಷದಿಂದ ನಿಂತಿದೆ, ಈಗಿನ ಕಬ್ಬಿಣವೇ ಕಳಪೆ ಎನ್ನುತ್ತಾರೆ. ಕಂಬಗಳ ಬಗ್ಗೆ ನನಗೂ ಗೌರವವಿದೆ. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರ ಬೆಳೆದಿದೆ ಎಂದು ಲೋಹಶಾಸ್ತ್ರದವರು ತೋರಿಸಿದ್ದಾರೆ. ಆದರೆ ಅಷ್ಟು ರಂಜಕವಿದ್ದರೆ ಉಕ್ಕು ಪೆಡಸಾಗುತ್ತದೆ, ಪ್ರೆಸ್ಸಿನಲ್ಲಿ ಬಗ್ಗಿಸಿ ಬಾಗಿಲು ಮಾಡಲಾಗದು. ಇನ್ನೊಂದು ವಿಷಯ, ಕಂಬದಿಂದ ಒಂದು ಮಿಲಿಮೀಟರ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಬಾಗಿಲಿನ ತಗಡು ಇರುವುದೇ ಹೆಚ್ಚುಕಡಿಮೆ ಅಷ್ಟು.

ಇನ್ನು ಬಣ್ಣ. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಗಾಡಿ ಖಾಲಿ ಇರುತ್ತದೆ, ಆದರೆ ಬಣ್ಣಕ್ಕೆ ಅದರಷ್ಟು ಕೆಟ್ಟ ಕಾಲ ಬೇರೆ ಇಲ್ಲ. ಜೂನ್, ಜುಲೈಯಲ್ಲಿ ಚಪ್ಪರದಡಿ ಕತ್ತರಿಸುವುದು, ವೆಲ್ಡಿಂಗ್ ಮಾಡುವುದು ಮುಗಿಸಿಕೊಳ್ಳಿ. ಹೊಳೆಯುವ ಲೋಹವನ್ನು ಒಂದು ರಾತ್ರಿಯೂ ಹಾಗೇ ಬಿಡದೆ ಅದೇ ದಿನ, ಬಿಸಿಗಾಳಿಯಲ್ಲಿ ತೇವ ಆರಿಸಿ, ಎಪಾಕ್ಸಿ ಪ್ರೈಮರ್ ಹಚ್ಚಿ. ನಮ್ಮಲ್ಲಿ ರೆಡ್ ಆಕ್ಸೈಡ್ ಬಳಿದು "ಇನ್ನು ಚಿಂತೆಯಿಲ್ಲ" ಎಂದು ಮಳೆಗೆ ನಿಲ್ಲಿಸುವವರೇ ಹೆಚ್ಚು. ಮಾಮೂಲಿ ರೆಡ್ ಆಕ್ಸೈಡ್ ತಾನಾಗಿ ನೀರು ತಡೆಯುವ ಪದರ ಅಲ್ಲ, ಮೇಲೆ ಬಣ್ಣ ಬೀಳದೆ ವಾರಗಟ್ಟಲೆ ಇದ್ದರೆ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೇಲಿನ ಬಣ್ಣವನ್ನು ಆಯುಧಪೂಜೆಯ ಹೊತ್ತಿಗೆ, ಬಿಸಿಲು ನಿಂತ ಮೇಲೆ ಹೊಡೆಯಿರಿ. ಪ್ರೈಮರನ್ನು ಎಮರಿ ಕಾಗದದಲ್ಲಿ ಹಗುರಾಗಿ ಉಜ್ಜಿಕೊಂಡರೆ ಬಣ್ಣ ಹಿಡಿಯುತ್ತದೆ. ಬೆಳಗ್ಗಿನ ಇಬ್ಬನಿ ಪೂರ್ತಿ ಆರುವವರೆಗೆ ಕಾಯಿರಿ.

ಅಡಿಭಾಗಕ್ಕೆ ಸುಟ್ಟ ಇಂಜಿನ್ ಆಯಿಲ್ ಹೊಡೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಧೂಳು ಮೆತ್ತುತ್ತದೆ, ಮಳೆಗೆ ತೊಳೆದು ಅಂಗಳದಿಂದ ಬಾವಿಗೆ ಇಳಿಯುತ್ತದೆ, ಚರ್ಮಕ್ಕೂ ಕೆಟ್ಟದ್ದು. ತುಕ್ಕಿನ ಮೇಲೆಯೇ ಡಾಂಬರು ಬಳಿಯುವುದು ಇನ್ನೂ ಕೆಟ್ಟದು. ಅದು ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಹೋಗುತ್ತದೆ, ಮೇಲಿನಿಂದ ನೋಡಿದರೆ ಕಪ್ಪಗೆ ಚೆಂದ. ಒಳ ಪೊಳ್ಳುಗಳಿಗೆ ಮೇಣ ಬೆರೆತ ಎಣ್ಣೆಯ ಸ್ಪ್ರೇ ಸಿಗುತ್ತದೆ, ಬಾಗಿಲಿನ ತಳಕ್ಕೆ, ಮೆಟ್ಟಿಲಿನ ಒಳಗೆ ಅದನ್ನು ಹೊಡೆಯಿರಿ, ನೀರಿಳಿಯುವ ತೂತು ಮಾತ್ರ ಮುಚ್ಚದಿರಲಿ.

ಮನೆಯಲ್ಲಿ ಮುಟ್ಟಬಾರದ್ದೂ ಉಂಟು. ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿ ಸಿಡಿಯುತ್ತದೆ. ಚಾಸಿಯ ಉದ್ದದ ಚಾನೆಲ್ಲುಗಳಲ್ಲಿ ಬಿರುಕು ಕಂಡರೆ ಚಾಸಿ ಕೆಲಸ ಬಲ್ಲ ಗ್ಯಾರೇಜಿಗೆ ಒಯ್ಯಿರಿ. ಲೋಡ್ ಬಾಡಿಯನ್ನು ಚಾಸಿಗೆ ಬಿಗಿದ ಯು ಬೋಲ್ಟುಗಳ ನಡುವೆ ಮರದ ಪಟ್ಟಿ ಇರುತ್ತದಲ್ಲ, ಅದು ಮೀನಿನ ನೀರು ಕುಡಿದು ವರ್ಷವಿಡೀ ಒದ್ದೆ. ಅದರ ಕೆಳಗೆ ಚಾನೆಲ್ಲಿನ ಮೇಲ್ಮುಖ ಎಷ್ಟು ತೆಳ್ಳಗಾಗಿದೆ ಎಂದು ಬಾಡಿ ಎತ್ತಿಸಿ ನೋಡಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಪದರ ಪದರವಾಗಿ ಎದ್ದು ಬರುತ್ತಿದ್ದರೆ ಕ್ಯಾಬಿನ್ನಿಗೆ ತೇಪೆ ಹಾಕಿ ಪ್ರಯೋಜನವಿಲ್ಲ. ಇಂಜಿನ್ ಮಾರಿ ಉಳಿದದ್ದನ್ನು ಗುಜರಿಗೆ ಕೊಡುವುದೇ ಲೆಕ್ಕಾಚಾರ.

ಬ್ರೇಕಿನ ಉಕ್ಕಿನ ಪೈಪುಗಳನ್ನು ಮರೆಯಬೇಡಿ. ಹೊರಗಿನಿಂದ ಉಪ್ಪು, ಒಳಗಿನಿಂದ ಬ್ರೇಕ್ ಆಯಿಲ್ ಹೀರಿಕೊಂಡ ತೇವ, ಎರಡೂ ಕಡೆಯಿಂದ ತಿನ್ನಿಸಿಕೊಳ್ಳುವ ಪೈಪು ಅದು. ಕ್ಲಿಪ್ಪು ಹಿಡಿದ ಜಾಗದಲ್ಲಿ ಗುಳಿ ಬಿದ್ದಿದ್ದರೆ ಉಜ್ಜುವುದಲ್ಲ, ಬದಲಿಸುವುದು. ಎಂಟು ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಫಿಟ್ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು. ಎಫ್‌ಸಿಯ ಹಿಂದಿನ ವಾರ ಬಣ್ಣ ಹೊಡೆಸುವ ಉತ್ಸಾಹದಲ್ಲಿ ಅರ್ಧದಷ್ಟು ಈ ಪೈಪಿನ ಮೇಲೆ ಇದ್ದಿದ್ದರೆ ಘಾಟಿಯ ತಿರುವುಗಳಲ್ಲಿ ಎಲ್ಲರಿಗೂ ಕ್ಷೇಮ.

ಎಫ್‌ಸಿ ಎಂದಾಗ ನೆನಪಾಯಿತು. ಚಾಸಿಯ ಮೇಲೆ ಕೊರೆದ ನಂಬರು ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಅದರ ಮೇಲೆ ಪುಟ್ಟಿ ಮೆತ್ತಬೇಡಿ. ಕೆಲಸ ಶುರುವಾಗುವ ಮೊದಲೇ ಅದು ಎಲ್ಲಿದೆ ಎಂದು ಹುಡುಕಿ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಸಹಾಯಕ್ಕೆ ಬಂದ ಹುಡುಗರಿಗೂ ತೋರಿಸಿ. ಅಲ್ಲಿ ತುಕ್ಕಿದ್ದರೆ ಕೈಯಲ್ಲಿ ಹಿತ್ತಾಳೆ ಬ್ರಷ್ ಹಿಡಿದು ಮೆಲ್ಲನೆ ಉಜ್ಜಿ, ಸ್ವಲ್ಪ ಗ್ರೀಸ್ ಸವರಿ ಬಿಡಿ. ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯುವ ದಿನ ಆ ಅಂಕಿಗಳು ಒಂದೊಂದೂ ಸ್ಪಷ್ಟವಾಗಿ ಮೂಡಬೇಕು.